ಚಾಯದ ಹೊಳೆ

ಕುಂಬಳೆ ಪೇಟೆಯಲ್ಲಿ ನನ್ನನ್ನು ಆರ್ಟಿಸ್ಟ್ ಎಂದು ಕರೆಯುತ್ತಾರೆ. ಆ ಹೆಸರಿಗಾಗಿ ನಾನು ಪಟ್ಟ ಶ್ರಮ ಇಷ್ಟೇ: ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಸಂಬಳಕ್ಕೆ ಕುಳಿತು, ಮದುಮಗನ ಹಿಂದೆ ನಿಂತ ಕರೆಂಟು ಕಂಬವನ್ನು ಅಳಿಸಿ ಅಲ್ಲೊಂದು ಹಿಮದ ಬೆಟ್ಟ ಇಡುತ್ತೇನೆ. ಹತ್ತನೆಯ ತರಗತಿಯಲ್ಲಿ ಎಲ್ಲದಕ್ಕೂ ಎ ಪ್ಲಸ್ ಬಂದವರನ್ನು ನಕ್ಷತ್ರದೊಳಗೆ ಕೂರಿಸುತ್ತೇನೆ. ತೀರಿಹೋದವರನ್ನು ಬದುಕಿದ್ದಾಗ ಇದ್ದದ್ದಕ್ಕಿಂತ ಬೆಳ್ಳಗೆ ಮಾಡುತ್ತೇನೆ. ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧವಾಗಿ ನಾವು ಬಟ್ಟೆಯ ಮೇಲೆ ಮುದ್ರಿಸಲು ತೊಡಗಿ ಕಾಲವಾಯಿತು. ಆದರೂ ಊರಿನವರಿಗೆ ಅದು ಫ್ಲೆಕ್ಸೇ, ನಾನು ಆರ್ಟಿಸ್ಟೇ. ಕುಂಚ ಹಿಡಿದದ್ದು ಕೊನೆಯ ಸಲ ಯಾವಾಗ ಎಂದು ಯಾರೂ ಕೇಳದಿರುವುದರಿಂದ ಗೌರವ ಉಳಿದಿದೆ.

ಶಾಹುಲ್ ಹಮೀದ್ ಅವರ ಪರಿಚಯವಾದದ್ದು ಈ ಕಲಾಸೇವೆಯ ಒಂದು ಎಡವಟ್ಟಿನಿಂದ. ಕಾಸರಗೋಡಿನ ಒಂದು ಕಲಾಸಂಘದವರು ಡಿಸೆಂಬರಿನಲ್ಲಿ ಪ್ರದರ್ಶನ ಇಟ್ಟುಕೊಂಡಿದ್ದರು. ಹೊಸ ಚಿತ್ರಕಾರರಿಗೆ ಆಹ್ವಾನ ಎಂದು ಮಳೆ ಬಿಡುವ ಹೊತ್ತಿಗೇ ಬ್ಯಾನರಿಗೆ ಹೇಳಿದರು. ಒಕ್ಕಣೆ ಬಂದದ್ದು ಮಲಯಾಳದಲ್ಲಿ: ಜಲಚ್ಚಾಯ ಚಿತ್ರಪ್ರದರ್ಶನಂ. ಅದನ್ನು ಕನ್ನಡಕ್ಕೂ ತಂದು ಕುಂಬಳೆಯಿಂದ ಮಂಜೇಶ್ವರದವರೆಗೆ ಕಟ್ಟಬೇಕಿತ್ತು. ಮಲಯಾಳದಲ್ಲಿ 'ಚಾಯಂ' ಎಂದರೆ ಬಣ್ಣ. ಆದರೆ 'ಚಾಯ' ಎಂದರೆ ಅವರಿಗೂ ನಮಗೂ ಗ್ಲಾಸಿನಲ್ಲಿ ಕುಡಿಯುವ ಚಹಾವೇ. ನಾನು ಊಟಕ್ಕೆ ಹೊರಡುವ ಅವಸರದಲ್ಲಿ ದೊಡ್ಡ ಅಕ್ಷರದಲ್ಲಿ 'ಜಲಚಾಯ ಚಿತ್ರ ಪ್ರದರ್ಶನ, ಎಲ್ಲರಿಗೂ ಸ್ವಾಗತ' ಎಂದು ಹೊಡೆದುಬಿಟ್ಟೆ.

ಬ್ಯಾನರ್ ಮೇಲೇರಿದ ದಿನವೇ ಅಂಗಡಿಗೆ ಫೋನು ಬರತೊಡಗಿತು. "ಚಾಯ ಮಾತ್ರವಾ, ತಿನ್ನಲಿಕ್ಕೆ ಪೋಡಿಯೂ ಉಂಟಾ?"

ನನ್ನ ಯಜಮಾನ ಈಶ್ವರಪ್ರಸಾದರು ಫೋನಿಟ್ಟು, "ಅವಿನಾಶ, ನಿನ್ನ ಆರ್ಟು ಸಾಕು ಮಾರಾಯ. ಸ್ವಲ್ಪ ಅಕ್ಷರ ಕಲಿ" ಎಂದರು.

ಆ ಗಲಾಟೆ ತಣ್ಣಗಾಗುವ ಮೊದಲೇ ಅಂಗಡಿಗೆ ಒಬ್ಬರು ಬಂದರು. ತುಂಬು ತೋಳಿನ ಅಂಗಿ, ಮಣಿಕಟ್ಟಿನ ಗುಂಡಿ ಹಾಕಿದೆ. ಕೈಯಲ್ಲಿ ಎರಡೂ ತುದಿಗೆ ಮುಚ್ಚಳ ತಿರುಗಿಸಿದ ಬಿಳಿ ಪಿವಿಸಿ ಪೈಪು. ಪ್ಲಂಬಿಂಗಿನವರು ತಪ್ಪಿ ಬಂದಿದ್ದಾರೆಂದು ನಾನು ಎದುರಿನ ಹಾರ್ಡ್‌ವೇರ್ ಅಂಗಡಿಯ ಕಡೆ ಕೈ ತೋರಿಸಿದೆ.

"ಅಲ್ಲಿಗಲ್ಲ. ಆ ಬ್ಯಾನರ್ ಬರೆದದ್ದು ಯಾರು?"

"ನಾನು," ಎಂದೆ. ಓಡಲು ಬಾಗಿಲು ಒಂದೇ ಇತ್ತು, ಅದರಲ್ಲಿ ಅವರು ನಿಂತಿದ್ದರು.

"ಜಲವರ್ಣ ಅಂತ ಆಗಬೇಕಲ್ಲವಾ? ನಾನು ಓದಿದ್ದು ಕನ್ನಡ ಮೀಡಿಯಂ. ಹೋಗ್ಲಿ, ತಪ್ಪು ಹಿಡೀಲಿಕ್ಕೆ ಬಂದದ್ದಲ್ಲ. ನೀನು ಬರೆದ ಹಾಗೆ, ನಿಜವಾಗಿ ಚಾಯದ್ದೇ ಒಂದು ನನ್ನತ್ರ ಉಂಟು. ನೋಡ್ತೀಯಾ?"

ಪೈಪಿನ ಮುಚ್ಚಳ ತಿರುಗಿಸಿ ಒಂದು ಕಾಗದ ಹೊರಗೆಳೆದು ಕೌಂಟರಿನ ಮೇಲೆ ಹರಡಿದರು. ನಾಲ್ಕು ಮೂಲೆಗೆ ನಮ್ಮ ಸ್ಟೇಪ್ಲರು, ಗಮ್ಮಿನ ಡಬ್ಬಿ ಎಲ್ಲ ಇಟ್ಟೆವು.

ಅದು ಶಿರಿಯದ ಅಳಿವೆ. ಹೊಳೆ ಸಮುದ್ರಕ್ಕೆ ಸೇರುವಲ್ಲಿ, ಆಟಿಯ ಮಳೆಗಾಲದ್ದು. ಮೇಲಿನ ಗುಡ್ಡಗಳ ಕೆಂಪನ್ನೆಲ್ಲ ಕರಗಿಸಿಕೊಂಡು ಬಂದ ನೀರು ಸಮುದ್ರದ ಬೂದಿಬಣ್ಣದೊಳಗೆ ನುಗ್ಗಿ, ಎಲ್ಲಿ ಹೊಳೆ ಮುಗಿಯಿತು, ಎಲ್ಲಿ ಕಡಲು ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದ ಹಾಗೆ ಹರಡಿತ್ತು. ಆಚೆ ದಡ ಇದ್ದೂ ಇಲ್ಲದ ಹಾಗೆ. ನೊರೆ ಇದ್ದ ಕಡೆ ಬರೇ ಕಾಗದ ಬಿಟ್ಟಿದ್ದರು. ಅದನ್ನು ನೋಡುತ್ತ ನಾನು ಒಂದು ಶ್ರದ್ಧಾಂಜಲಿಯ ಪ್ರಿಂಟನ್ನು ಅರ್ಧಕ್ಕೆ ಮರೆತೆ. ತೀರಿಹೋದವರ ಮುಖ ಎರಡು ಬಾರಿ ಮುದ್ರಣವಾಗಿ ಹೊರಬಂತು.

"ಇದು ನೀವು ಬರೆದದ್ದಾ?"

"ಅದೇ ಈಗ ಪ್ರಶ್ನೆ," ಎಂದರು.

ನಮ್ಮ ಕಡೆ ಮುಸ್ಲಿಂ ಹಿರಿಯರ ಹೆಸರಿನ ಬಾಲಕ್ಕೆ 'ಇಚ್ಚ' ಸೇರಿಸುತ್ತಾರೆ, ಅಣ್ಣ ಎಂದಂತೆ. ಹಾಗೆ ಅವರು ನನಗೆ ಹಮೀದ್‌ಚ ಆದರು. ಆಮೇಲೆ ರಜೆ ಸಿಕ್ಕಾಗಲೆಲ್ಲ ಶಿರಿಯಕ್ಕೆ ಹೋಗುವುದು ನನಗೆ ಅಭ್ಯಾಸವಾಯಿತು. ಕಲೆಯ ಪ್ರೀತಿಯಿಂದ ಎಂದು ಮನೆಯಲ್ಲಿ ಹೇಳುತ್ತಿದ್ದೆ. ಅವರ ಹೆಂಡತಿ ಕುಂಞಾಮಿನ ಕರಿಯುವ ನೈಪತ್ತಿರಿ ರೊಟ್ಟಿಯ ಪಾಲೂ ಅದರಲ್ಲಿತ್ತು.

ಹಮೀದ್‌ಚ ಮೂವತ್ತು ಚಿಲ್ಲರೆ ವರ್ಷ ಕೊಲ್ಲಿಯಲ್ಲಿದ್ದವರು. ಅಂಗಡಿಯಲ್ಲ, ಹೋಟೆಲಲ್ಲ, ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯುವ ನೀರು ಮಾಡುವ ಕಾರ್ಖಾನೆ. ಅಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನೀಶಿಯನ್. ನೀರಿನ ಒತ್ತಡ, ಬಿಸಿ, ಮಟ್ಟ, ಉಪ್ಪು ಇವನ್ನೆಲ್ಲ ತೋರಿಸುವ ಮೀಟರುಗಳು ಸುಳ್ಳು ಹೇಳದಂತೆ ನೋಡಿಕೊಳ್ಳುವುದು ಅವರ ಕೆಲಸ. ನಿವೃತ್ತರಾಗಿ ಬಂದಾಗ ಊರು ಅವರಿಗಾಗಿ ಬೇರೆ ಯೋಜನೆ ಹಾಕಿಟ್ಟಿತ್ತು. ವಾಟರ್ ಫಿಲ್ಟರಿನ ಅಂಗಡಿ ಇಡಿ ಎಂದು ಅಳಿಯ ಅಶ್ಕರ್ ಹೇಳಿದ. ನೆರೆಯವರು ಮಿಕ್ಸಿ, ಇನ್ವರ್ಟರು, ಒಬ್ಬರು ಕಿವಿಯ ಮೆಷಿನನ್ನೂ ಹೊತ್ತು ತಂದರು. ಹಮೀದ್‌ಚ ಎಲ್ಲರಿಗೂ ಒಂದೇ ಮಾತು ಹೇಳಿದರು: "ನಾನೀಗ ಪೈಂಟಿಂಗ್ ಮಾಡ್ತಾ ಇದ್ದೇನೆ."

"ಓ, ಹಾಗಾದ್ರೆ ನಮ್ಮ ಕಂಪೌಂಡ್ ಗೋಡೆಗೆ ಎಷ್ಟಾಗ್ತದೆ?" ಎಂದು ಕೇಳಿದವರೂ ಇದ್ದರು.

ಅವರದ್ದು ಹೊತ್ತು ಹೋಗದವರ ಹವ್ಯಾಸವಲ್ಲ. ಬೆಳಿಗ್ಗೆ ಡ್ಯೂಟಿಗೆ ಹೋಗುವಂತೆ ಅಂಗಿಯ ಗುಂಡಿ ಹಾಕಿ ಅಳಿವೆಯ ಕಲ್ಲುಕಟ್ಟೆಗೆ ಹೋಗಿ ಕೂರುತ್ತಿದ್ದರು. ಬೇಸಿಗೆಯಲ್ಲಿ ಅಲ್ಲಿನ ಬಾವಿಗಳಿಗೆ ಉಪ್ಪು ಹತ್ತುತ್ತದೆ. ಉಪ್ಪು ನೀರಿನಲ್ಲಿ ಬಣ್ಣ ಒಡೆಯುತ್ತದೆಂದು ಕುಂಚದ ನೀರಿಗೂ ಮೀಟರ್ ಅದ್ದಿ ನೋಡುವರು. ಪ್ರತಿ ಬಣ್ಣದ ಏಳೆಂಟು ಮಟ್ಟ ಮಾಡಿ ಚೀಟಿ ಅಂಟಿಸುವರು. ಇಷ್ಟು ಮಾಡಿ ಬರೆದ ಚಿತ್ರಗಳು ಮಾತ್ರ ಒಣಗಿದ ಬೂತಾಯಿ ಮೀನಿನಂತೆ ಇರುತ್ತಿದ್ದವು. ನಾನೇನು ದೊಡ್ಡ ವಿಮರ್ಶಕನೆಂದು ಹೇಳುತ್ತಿಲ್ಲ. ಅವರೇ ನನಗೆ ಒಂದೊಂದಾಗಿ ತೋರಿಸಿ, "ಇದು ಸತ್ತಿದೆ. ಇದೂ ಸತ್ತಿದೆ. ಇದು ಹುಟ್ಟುವಾಗಲೇ ಸತ್ತದ್ದು," ಎಂದು ಬದಿಗೆ ಸರಿಸುತ್ತಿದ್ದರು.

ಆ ಒಂದು ಚಿತ್ರ ಆದದ್ದು ಹೇಗೆ ಎಂದರೆ ಹೀಗೆ. ಆಟಿಯ ಒಂದು ಬೆಳಿಗ್ಗೆ ಮಳೆ ಸ್ವಲ್ಪ ಹಿಡಿದಿತ್ತು. ಕಟ್ಟೆಯ ಮೇಲೆ ಕುಂಚ ತೊಳೆಯುವ ಗ್ಲಾಸು, ಪಕ್ಕದಲ್ಲಿ ಕುಂಞಾಮಿನ ತಂದಿಟ್ಟ ಹಾಲಿಲ್ಲದ ಕಟ್ಟಂಚಾಯದ ಗ್ಲಾಸು. ಎರಡೂ ಕೆಂಪು, ಎರಡೂ ಒಂದೇ ಮನೆಯ ಗ್ಲಾಸು. ಮಳೆ ಮತ್ತೆ ಬರುವ ಮೊದಲು ಮುಗಿಸುವ ಅವಸರದಲ್ಲಿ ಅವರು ಗ್ಲಾಸು ನೋಡದೆ ಕುಂಚ ಅದ್ದಿದರು. ಕೊನೆಗೆ ಉಸಿರು ಬಿಟ್ಟು, ಚಾಯ ಎಂದುಕೊಂಡು ಒಂದು ದೊಡ್ಡ ಗುಟುಕು ಕುಡಿದರು.

"ಕುಡಿದದ್ದು ಹೊಳೆ, ಬರೆದದ್ದು ಚಾಯ," ಎಂದು ಕುಂಞಾಮಿನ ಈಗಲೂ ನಗುತ್ತಾರೆ. "ಎರಡು ದಿವಸ ನಾಲಿಗೆ ಕಾವಿ ಬಣ್ಣ!"

ಹಮೀದ್‌ಚ ನಗುವುದಿಲ್ಲ. ಬದುಕಿನಲ್ಲಿ ಜೀವವಿರುವ ಒಂದೇ ಒಂದು ಚಿತ್ರ ಆಯಿತು, ಅದೂ ತಪ್ಪಿ ಆಯಿತು. ಇದನ್ನು ತನ್ನದೆನ್ನಬಹುದೇ? ನನ್ನನ್ನು ಕೇಳಿದರು. ತಪ್ಪಿ ಬರೆದ ಬ್ಯಾನರಿಗೂ ಸಂಬಳ ತೆಗೆದುಕೊಂಡವನು ನಾನು. ಧಾರಾಳವಾಗಿ ಎನ್ನಬಹುದು ಎಂದೆ.

ಪ್ರದರ್ಶನದ ಚಿತ್ರಗಳನ್ನು ಆರಿಸುವವರು ಸೌದಾಮಿನಿ ಟೀಚರ್. ಮಕ್ಕಳಿಗೆ ಚಿತ್ರಕಲೆ ಕಲಿಸಿದವರು. ಬ್ಯಾನರಿನ ಕೆಲಸದಲ್ಲಿ ಅವರ ಬೈಗುಳ ತಿಂದ ಪರಿಚಯ ನನಗಿತ್ತು. ನಾವಿಬ್ಬರೂ ಪೈಪು ಹಿಡಿದು ಕಾಸರಗೋಡಿಗೆ ಹೋದೆವು. ಟೀಚರ್ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಚಂದ ಉಂಟು. ತುಂಬಾ ಚಂದ ಉಂಟು. ಬೇರೆ ಎರಡು ಎಲ್ಲಿ?"

"ಬೇರೆ?"

"ಹೊಸಬರದ್ದು ಮೂರು ಬೇಕು ಸಾರ್, ಅದು ನಿಯಮ. ಒಂದು ಯಾರಿಗೂ ಬರ್ತದೆ, ಪುಣ್ಯ ಇದ್ದರೆ. ಮೂರು ನೋಡಿದರೆ ಒಂದೇ ಕೈ ಅಂತ ಗೊತ್ತಾಗ್ತದೆ."

ನಾನು ಜಗಳಕ್ಕೆ ಬಾಯಿ ತೆರೆದೆ. ಹಮೀದ್‌ಚ ನನ್ನನ್ನು ತಡೆದರು. ಅವರ ಮುಖ ಬೆಳಗಿತ್ತು. "ಸರಿ ಹೇಳಿದ್ರಿ ಟೀಚರ್. ಒಂದು ರೀಡಿಂಗಿಗೆ ಅರ್ಥ ಇಲ್ಲ. ಮೂರು ಸಲ ಒಂದೇ ಬಂದರೆ ಮಾತ್ರ ಅದು ನಿಜ." ಹೊರಗೆ ಬಂದ ಮೇಲೆ ನನಗೆ ಹೇಳಿದರು: "ಈಗ ಗೊತ್ತಾಯ್ತಾ? ಮೂರು ಒಂದೇ ಹಾಗೆ ಬಂದರೆ, ಅದು ಪುಣ್ಯ ಅಲ್ಲ. ನಾನು ಚಿತ್ರಕಾರ."

ಟೀಚರ್ ಹೇಳಿದ್ದು ಒಂದೇ ಕೈ. ಇವರು ಕೇಳಿಸಿಕೊಂಡದ್ದು ಬರೇ 'ಒಂದೇ'. ನಡುವೆ ನಿಂತಿದ್ದ ನನಗೂ ಆ ವ್ಯತ್ಯಾಸ ಹೊಳೆಯಲಿಲ್ಲ. ಅಕ್ಷರ ಕಲಿ ಎಂದು ಯಜಮಾನರು ಸುಮ್ಮನೆ ಹೇಳಿದ್ದಲ್ಲ.

ಆಮೇಲಿನ ದಿನಗಳು ಆ ಮನೆಯಲ್ಲಿ ಚಾಯದ ಕಾರ್ಖಾನೆಯ ದಿನಗಳು. ಆ ದಿನದ ಚಾಯ ಎಷ್ಟು ಕಡು ಇತ್ತು? ಪುಡಿ ಯಾವುದು? ಎಷ್ಟು ಹೊತ್ತು ಕುದಿಯಿತು? ಸಕ್ಕರೆ ಇತ್ತೋ? ಹಮೀದ್‌ಚ ಅಡುಗೆಮನೆಯಲ್ಲಿ ತಕ್ಕಡಿ ಹಿಡಿದು ನಿಂತರು.

"ನನಗೆಂತ ಗೊತ್ತು? ಕೈಯಂದಾಜಿಗೆ ಹಾಕಿದ್ದು," ಎಂದರು ಕುಂಞಾಮಿನ.

"ಅಂದಾಜು ಅಂದರೆ ಎಷ್ಟು?"

"ಅಂದಾಜು ಅಂದರೆ ಅಂದಾಜು! ಇಷ್ಟು ವರ್ಷ ನಾನು ಮಾಡಿದ ಚಾಯ ಒಂದು ದಿವಸವಾದರೂ ಹೇಗುಂಟು ಅಂತ ಹೇಳಿದವರಲ್ಲ. ಈಗ ತೂಕ ಮಾಡ್ಲಿಕ್ಕೆ ಬಂದರು."

ಹತ್ತಾರು ಗ್ಲಾಸು ಚಾಯ ಸಾಲಾಗಿ ಕಿಟಕಿಯಲ್ಲಿ ತಣಿಯುತ್ತಿತ್ತು. ನಾನು ಹೋದರೆ ಕುಡಿಯಲು ಒಂದೂ ಸಿಗುತ್ತಿರಲಿಲ್ಲ. "ಅದು ಮುಟ್ಟಬೇಡ, ಅದು ಸ್ಯಾಂಪಲ್!" ಎಂಬ ಕೂಗು ಒಳಗಿಂದ ಬರುತ್ತಿತ್ತು. ಕೊನೆಗೆ ನನಗೆ ಲಿಂಬೆ ಶರಬತ್ತು ಗತಿಯಾಯಿತು.

ಅದರ ಮೇಲೆ ಹೊಳೆಯೂ ಕೈಕೊಟ್ಟಿತು. ತುಲಾ ಮಾಸದ ಮಳೆ ಮುಗಿದ ಮೇಲೆ ಶಿರಿಯದ ನೀರು ತಿಳಿಯಾಗಿ ಹಸಿರಾಯಿತು. ಅಳಿವೆಯ ಬಾಯಿಗೆ ಮರಳು ಬಂದು ದಿಕ್ಕೂ ಚೂರು ತಿರುಗಿತು. ಹಮೀದ್‌ಚ ಹಸಿರು ಹೊಳೆಯ ಎದುರು ಕೂತು ಕೆಂಪು ಹೊಳೆ ಬರೆಯುತ್ತಿದ್ದರು. ಬಲೆ ಒಣಗಿಸುವವರು ಬಂದು ಹಿಂದೆ ನಿಂತು, ಒಮ್ಮೆ ಹೊಳೆ ನೋಡಿ, ಒಮ್ಮೆ ಕಾಗದ ನೋಡಿ, "ಹಮೀದ್‌ಚ, ಕನ್ನಡಕ ಬದಲಿಸುವ ಸಮಯ ಆಯ್ತಾ?" ಎಂದು ಕೇಳಿ ಹೋಗುತ್ತಿದ್ದರು.

ಬರೆದದ್ದು ಹರಿದರು. ಮತ್ತೆ ಬರೆದರು. ಚಾಯ ಕಾಗದದ ಮೇಲೆ ಒಮ್ಮೆ ಹರಡಿದಂತೆ ಇನ್ನೊಮ್ಮೆ ಹರಡುವುದಿಲ್ಲ. ಆಟಿಯ ಗಾಳಿಯ ಪಸೆ ಬೇಕೆಂದು ಕಾಗದವನ್ನು ಬಾತ್‌ರೂಮಿನಲ್ಲಿ ಬಿಸಿನೀರು ಬಿಟ್ಟು ತೂಗಿಸಿದರು. ನಾನು ಒಂದು ಸಲ ಧೈರ್ಯ ಮಾಡಿ, "ಅದೇ ಬೇಡ ಹಮೀದ್‌ಚ, ಈಗ ಎದುರಿಗಿರುವ ಹಸಿರನ್ನೇ ಬರೀರಿ" ಎಂದೆ.

"ನೀನು ಬಾಯಿ ಮುಚ್ಚು. ಮದುಮಗನ ಹಿಂದೆ ಹಿಮ ಇಡುವವ ನೀನು."

ನಾನು ಶರಬತ್ತಿನ ಗ್ಲಾಸು ಎತ್ತಿಕೊಂಡೆ.

ಚಿತ್ರ ಒಪ್ಪಿಸಬೇಕಾದ ದಿನ ನಾನು ಅವರನ್ನು ಕರೆದೊಯ್ಯಲು ಹೋದೆ. ಜಗಲಿಯಲ್ಲಿ ಮೂರು ಚಿತ್ರಗಳು ಚೌಕಟ್ಟಿನೊಳಗೆ, ಗೋಡೆಗೆ ಒರಗಿ ಕುಳಿತಿದ್ದವು. ಹಮೀದ್‌ಚ ಸ್ನಾನ ಮಾಡಿ, ಗುಂಡಿ ಹಾಕಿ, ಎಷ್ಟೋ ದಿನಗಳ ನಂತರ ಸಮಾಧಾನದಿಂದ ನಿಂತಿದ್ದರು.

"ನೋಡು. ಎಂತಾದರೂ ವ್ಯತ್ಯಾಸ ಉಂಟಾ?"

ಇರಲಿಲ್ಲ. ಮೂರರಲ್ಲೂ ಅದೇ ಹೊಳೆ, ಅದೇ ಕೆಂಪು. ಹೊಳೆಗೂ ಕಡಲಿಗೂ ನಡುವೆ ಟೇಪು ಅಂಟಿಸಿ ಎಳೆದಂಥ ಗೆರೆ. ಹೊಸ ಮನೆಯ ಬಚ್ಚಲಿಗೆ ಹಾಕುವ ಟೈಲ್ಸಿನ ಹಾಗೆ ಮೂರೂ ಒಂದಕ್ಕೊಂದು ಕೂಡುತ್ತಿದ್ದವು.

"ಮೊದಲಿನದು ಎಲ್ಲಿ?" ಎಂದೆ.

"ನಡುವಿನದ್ದು."

ನಾನು ಬಗ್ಗಿ ನೋಡಿದೆ. ಮೂಲೆಯಲ್ಲಿ ಆ ದಿನ ನಮ್ಮ ಸ್ಟೇಪ್ಲರಿನ ತುಕ್ಕು ಹತ್ತಿದ ಕಲೆ ಇತ್ತು. ಅದೇ ಕಾಗದ. ಉಳಿದದ್ದೆಲ್ಲ ಬೇರೆ. ಹರಡಿದ ಚಾಯವನ್ನು ಸ್ಪಂಜಿನಿಂದ ಒರೆಸಿ, ಮೇಲೆ ಪದರ ಕೊಟ್ಟು, ಬಿಟ್ಟಿದ್ದ ನೊರೆಗೆ ಬಿಳಿ ತುಂಬಿದ್ದರು.

"ಎಂತ ಮಾಡಿದ್ರಿ ಹಮೀದ್‌ಚ?"

"ಸರಿ ಮಾಡಿದೆ." ಅವರು ನನಗೆ ಪಾಠ ಹೇಳುವಂತೆ ಹೇಳಿದರು. "ಬಾಯ್ಲರಿಗೆ ಮೂರು ಮೀಟರ್ ಇಡ್ತಾರೆ, ಗೊತ್ತುಂಟಾ? ಒಂದನ್ನು ನಂಬಲಿಕ್ಕಾಗುವುದಿಲ್ಲ. ಎರಡು ಇಟ್ಟರೆ, ಜಗಳ ಬಂದಾಗ ಯಾವುದು ಸರಿ ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಮೂರು. ಎರಡು ಒಂದೇ ಹೇಳಿ ಒಂದು ಬೇರೆ ಹೇಳಿದರೆ, ಆ ಒಂದು ಹಾಳಾಗಿದೆ ಅಂತ ಲೆಕ್ಕ. ಅದನ್ನು ಇಳಿಸಿ ಉಳಿದ ಎರಡಕ್ಕೆ ಹೊಂದಿಸುವುದು. ಈ ಎರಡು ಹೇಗೋ ಒಂದೇ ಬಂತು. ಅದು ಮಾತ್ರ ಬೇರೆ ಹೇಳ್ತಾ ಇತ್ತು."

"ಅದು ಮೀಟರ್ ಅಲ್ಲ!" ಎಂದು ನಾನು ಕೂಗಿದೆ. ಯಾರ ಮೇಲೂ ಕೂಗುವ ಹಕ್ಕಿಲ್ಲದ ಉದ್ಯೋಗ ನನ್ನದು. ಅಭ್ಯಾಸವಿಲ್ಲದ್ದರಿಂದ ದನಿ ಕೀರಲಾಗಿ ಬಂತು.

ಹಮೀದ್‌ಚ ನನ್ನನ್ನು ನೋಡಿದರು. ಆಮೇಲೆ ನಡುವಿನ ಚಿತ್ರವನ್ನು ನೋಡಿದರು. ನಾನು ಮೊಬೈಲು ತೆಗೆದು ಮೊದಲ ದಿನ ಅಂಗಡಿಯಲ್ಲಿ ಹಿಡಿದಿದ್ದ ಆ ಚಿತ್ರದ ಫೋಟೋ ಹುಡುಕಿದೆ. ಸಿಕ್ಕಿತು. ಆದರೆ ಎಲ್ಲರ ಮುಖವನ್ನೂ ತಾನಾಗಿ ಬೆಳ್ಳಗೆ ಮಾಡುವ ಆ ಫೋನು, ಕೆಂಪು ಹೊಳೆಯನ್ನೂ ಬಿಡದೆ ಬೆಳ್ಳಗೆ ಮಾಡಿ, ಆಕಾಶಕ್ಕೆ ಒಂದಿಷ್ಟು ನೀಲಿಯನ್ನೂ ಕೊಟ್ಟಿತ್ತು.

ಹೊರಟದ್ದಂತೂ ಹೊರಟೆವು. ಕಾಸರಗೋಡಿನಲ್ಲಿ ಸೌದಾಮಿನಿ ಟೀಚರ್ ಮೂರನ್ನೂ ಮೇಜಿನ ಮೇಲೆ ಸಾಲಾಗಿಟ್ಟರು.

"ಆ ಮಳೆಗಾಲದ್ದು ತರಲಿಲ್ಲವಾ?"

ಹಮೀದ್‌ಚ ನಡುವಿನದನ್ನು ಮುಟ್ಟಿ ತೋರಿಸಿದರು. ಟೀಚರ್ ಕನ್ನಡಕ ತೆಗೆದರು, ಮತ್ತೆ ಹಾಕಿದರು. "ಸಾರ್, ನಾನು ಒಂದೇ ಕೈ ಅಂತ ಹೇಳಿದ್ದು. ಒಂದೇ ಚಿತ್ರ ಅಂತ ಹೇಳಿದೆನಾ?"

ಆಮೇಲೆ ಟೀಚರೇ ಮೂರನ್ನೂ ಒಟ್ಟಿಗೆ ಸರಿಸಿ, "ಹಾಕುವ. ಮೂರು ಕೇಳಿದ್ದು ನಾನು, ಮೂರು ಉಂಟು," ಎಂದರು. ನನಗೆ ಅವರ ಮೇಲೆ ಸಿಟ್ಟು ಬಂತು. ತಿರಸ್ಕರಿಸಿದ್ದರೆ ಇನ್ನೂ ಹೆಚ್ಚು ಬರುತ್ತಿತ್ತು.

ಪ್ರದರ್ಶನದ ಮೊದಲ ದಿನ ಹಮೀದ್‌ಚ, ಕುಂಞಾಮಿನ, ನಾನು ಮೂವರೂ ಹೋದೆವು. ಮೂರು ಹೊಳೆಗಳು ಒಂದು ಫ್ಯಾನಿನ ಸ್ವಿಚ್ಚಿನ ಪಕ್ಕದಲ್ಲಿ ತೂಗುತ್ತಿದ್ದವು. ಕೆಳಗೆ ಮಲಯಾಳದಲ್ಲೂ ಕನ್ನಡದಲ್ಲೂ ಅವರ ಹೆಸರು. ಈ ಸಲ ನಾನು ಎರಡೆರಡು ಸಲ ಓದಿ ಹೊಡೆದದ್ದು. ಬಂದವರೊಬ್ಬರು ಕೈ ಕಟ್ಟಿ ನೋಡಿ, "ಮೂರೂ ಒಂದೇ ಹಾಗೆ ಉಂಟಲ್ಲ! ಭಾರೀ ಕಂಟ್ರೋಲು!" ಎಂದು ಹಮೀದ್‌ಚನ ಕೈ ಕುಲುಕಿದರು. ಇದೇ ಮಾತಿಗಾಗಿ ಅವರು ಅಷ್ಟು ತಿಂಗಳು ಚಾಯ ಕಾಯಿಸಿದ್ದು. ಈಗ ಅವರು ಕುಲುಕಿಸಿಕೊಂಡ ಕೈಯನ್ನು ಅಂಗಿಗೆ ಒರೆಸಿಕೊಂಡರು.

ಕುಂಞಾಮಿನ ನಡುವಿನ ಚಿತ್ರದ ಹತ್ತಿರ ಹೋಗಿ ನಿಂತರು.

"ಇದು ಆಟಿಯದ್ದಲ್ಲವಾ? ಇದರ ನೀರೆಲ್ಲ ಎಲ್ಲಿಗೆ ಹೋಯ್ತು?"

"ಸರಿ ಮಾಡಿದೆ," ಎಂದರು ಹಮೀದ್‌ಚ, ಬಹಳ ಮೆಲ್ಲಗೆ.

"ಸರಿ ಇದ್ದದ್ದನ್ನಾ?"

ಹಮೀದ್‌ಚ ಕೈ ಎತ್ತಿ ನಡುವಿನ ಚೌಕಟ್ಟನ್ನು ಮೊಳೆಯಿಂದ ಇಳಿಸಿಬಿಟ್ಟರು. ಟೀಚರ್ ಓಡಿಬಂದರು. "ಸಾರ್, ಹಾಗೆ ತೆಗೀಲಿಕ್ಕೆ ಆಗುವುದಿಲ್ಲ. ಒಂದು ತೆಗೆದರೆ ಉಳಿದ ಎರಡೂ ತೆಗೀಬೇಕಾಗ್ತದೆ. ನಿಮ್ಮ ಹೆಸರೇ ತೆಗೀಬೇಕಾಗ್ತದೆ."

"ತೆಗೀರಿ ಟೀಚರ್. ಸತ್ತದ್ದನ್ನು ಗೋಡೆಯಲ್ಲಿ ಇಡುವುದು ಬೇಡ."

"ಒಂದು ವಾರ ಇರಲಿ ಸಾರ್, ಯಾರಿಗೆ ಗೊತ್ತಾಗ್ತದೆ?"

"ನನಗೆ ಗೊತ್ತುಂಟಲ್ಲ!" ಅಷ್ಟು ದೊಡ್ಡ ದನಿ ಅವರಿಂದ ನಾನು ಕೇಳಿರಲಿಲ್ಲ. ಹಾಲ್ ಪೂರ್ತಿ ತಿರುಗಿ ನೋಡಿತು. ಟೀಚರ್ ಬಗ್ಗಿ, ಹೆಸರಿನ ಚೀಟಿಯನ್ನು ಉಗುರಿನಿಂದ ಬಿಡಿಸಿದರು. ಗಮ್ಮು ಚೆನ್ನಾಗಿ ಹಿಡಿದಿದ್ದರಿಂದ ಅರ್ಧ ಹೆಸರು ಗೋಡೆಯಲ್ಲೇ ಉಳಿಯಿತು.

ಬಸ್ಸಿನಲ್ಲಿ ನೂಕುನುಗ್ಗಲು. ಎರಡು ಚೌಕಟ್ಟು ನನ್ನ ಕೈಯಲ್ಲಿ, ನಡುವಿನದು ಹಮೀದ್‌ಚನ ಕೈಯಲ್ಲಿ. ಚೌಕಿ ಸ್ಟಾಪು ದಾಟಿದ ಮೇಲೆ ಅವರು ಒಮ್ಮೆಲೇ, "ನೀನು ಮೊದಲೇ ಬಂದು ತಡೀಬೇಕಿತ್ತು" ಎಂದರು.

"ನಾನು ಬರುವಾಗ ಎಲ್ಲ ಮುಗಿದಿತ್ತಲ್ಲ ಹಮೀದ್‌ಚ."

"ಆದರೂ."

ಕಂಡಕ್ಟರ್ ಜನರ ನಡುವೆ ಮೈ ತೂರಿಸಿಕೊಂಡು ಬಂದ. "ಇದೆಂತ ಇಕ್ಕಾ, ಟಿವಿಯಾ? ದಾರಿಗೆ ಅಡ್ಡ ಆಗ್ತದೆ."

"ಚಿತ್ರ."

"ಯಾರು ಬರೆದದ್ದು?"

ಹಮೀದ್‌ಚ ಚೌಕಟ್ಟನ್ನು ತನ್ನ ಕಡೆ ಎಳೆದರು. "ನಾನು. ಹಾಳು ಮಾಡಿದ್ದೂ ನಾನೇ."

"ಹಾಗಾದ್ರೆ ಕೆಳಗೆ ಇಡಿ," ಎಂದು ಕಂಡಕ್ಟರ್ ಮುಂದೆ ಹೋದ.

ಹೆಂಗಸರ ಸೀಟಿನಿಂದ ಕುಂಞಾಮಿನ ಕತ್ತು ಚಾಚಿದರು. "ಕೆಳಗೆ ಇಡಬೇಡಿ, ಅಲ್ಲಿ ಮೀನಿನ ನೀರು ಉಂಟು."

"ಇನ್ನು ಎಂತ ನೀರು ಬಿದ್ದರೆ ಎಂತ?" ಎಂದು ಹಮೀದ್‌ಚ ರೇಗಿದರು. ರೇಗಿಕೊಂಡೇ ಚೌಕಟ್ಟನ್ನು ಎತ್ತಿ ಎದೆಗೆ ಒತ್ತಿ ಹಿಡಿದರು. ಹಿಂದಿನವರು ನೂಕುತ್ತಲೇ ಇದ್ದರು.